ಕ್ಷಮಿಸಿದ ಮೇಲೂ ಶಿಕ್ಷೆ ಉಂಟೆ?

ಘೋರವಾದ ಅಪರಾಧವೊಂದರ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಮ್ಮ ಕುಟುಂಬಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ‘ಇಂಥವನನ್ನು ನೇಣಿಗೇರಿಸಬೇಕು’ ಎನ್ನುವುದು ಒಂದು. ‘ನಾವು ಕ್ರೈಸ್ತರು, ಕ್ಷಮಿಸಬೇಕಲ್ಲವೆ?’ ಎನ್ನುವುದು ಇನ್ನೊಂದು. ಮೊದಲ ಮಾತನ್ನಾಡುವವರು ಎರಡನೆಯವರನ್ನು ಲೋಕಜ್ಞಾನವಿಲ್ಲದವರೆಂದು ತಿಳಿಯುತ್ತಾರೆ. ಎರಡನೆಯವರು ಮೊದಲಿನವರಲ್ಲಿ ವಿಶ್ವಾಸ ಸಾಲದೆಂದು ಭಾವಿಸುತ್ತಾರೆ. ಒಂದೇ ಮನೆಯಲ್ಲಿ, ಒಟ್ಟಿಗೆ ಜಪಸರ ಮುಗಿಸಿ ಊಟಕ್ಕೆ ಕುಳಿತವರ ನಡುವೆಯೇ ಈ ಭೇದ ತಲೆದೋರುವುದುಂಟು.

ಈ ಎರಡೂ ಪಕ್ಷಗಳಿಗೆ ಸಮಾನವಾದ ಒಂದು ಗ್ರಹಿಕೆ ಇದೆ. ನ್ಯಾಯ ಮತ್ತು ಕರುಣೆ ಒಂದೇ ತಕ್ಕಡಿಯ ಎರಡು ತಟ್ಟೆಗಳೆಂದೂ, ಒಂದು ಇಳಿದರೆ ಇನ್ನೊಂದು ಏರಲೇಬೇಕೆಂದೂ ಇಬ್ಬರೂ ನಂಬಿದ್ದಾರೆ. ಕರುಣೆ ತೋರಿದಷ್ಟು ನ್ಯಾಯ ಕಡಿಮೆಯಾಯಿತು, ನ್ಯಾಯ ನಡೆದಷ್ಟು ಕರುಣೆಗೆ ಎಡೆಯಿಲ್ಲವಾಯಿತು ಎಂಬುದು ಇವರ ಲೆಕ್ಕ. ಧರ್ಮಸಭೆಯ ಬೋಧನೆಯಾಗಲಿ, ಅದರ ಪುಣ್ಯಜೀವಿಗಳ ಬಾಳಾಗಲಿ ಈ ಲೆಕ್ಕವನ್ನು ಒಪ್ಪುವುದಿಲ್ಲ. ಅದು ಏಕೆ ಎಂಬುದನ್ನು ಈ ವಾರ ನಾವು ಕೊಂಚ ನಿಧಾನವಾಗಿ ವಿಚಾರ ಮಾಡೋಣ.

ಉದಯನಗರದ ಸಾಕ್ಷ್ಯ

ತತ್ವವಿಚಾರಕ್ಕಿಂತ ಮೊದಲು ನಮ್ಮ ದೇಶದಲ್ಲಿಯೇ, ನಮ್ಮ ಕಾಲದಲ್ಲಿಯೇ ನಡೆದ ಒಂದು ಘಟನೆಯನ್ನು ನೋಡುವುದು ಒಳಿತು. 1954ರಲ್ಲಿ ಕೇರಳದ ಪುಲ್ಲುವಳಿ ಎಂಬ ಊರಿನಲ್ಲಿ ಜನಿಸಿದ ಸಿಸ್ಟರ್ ರಾಣಿ ಮರಿಯಾ ಅವರು ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಗೆ ಸೇರಿದ ಕನ್ಯಾಸ್ತ್ರೀ. ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ಉದಯನಗರದಲ್ಲಿ ಅವರು ಬಡ ರೈತರ, ಕೂಲಿಗಳ, ಆದಿವಾಸಿಗಳ ನಡುವೆ ದುಡಿಯುತ್ತಿದ್ದರು. ಬಡ್ಡಿಸಾಲದಲ್ಲಿ ತಲೆತಲಾಂತರದಿಂದ ಸಿಲುಕಿದ್ದ ಆ ಜನರಿಗೆ ತಮ್ಮ ಹಕ್ಕುಗಳನ್ನು ತಿಳಿಸಿಕೊಟ್ಟು, ಸಾಹುಕಾರರ ಹಂಗಿಲ್ಲದೆ ಬದುಕುವ ದಾರಿಯನ್ನು ತೋರಿಸಿದರು. ಅದರಿಂದ ನಷ್ಟವಾದವರಿಗೆ ಅವರು ಬೇಡವಾದರು.

1995ರ ಫೆಬ್ರವರಿ 25ರಂದು, ಇಂದೋರಿಗೆ ಹೊರಟಿದ್ದ ಬಸ್ಸಿನಲ್ಲಿ, ಸಹಪ್ರಯಾಣಿಕರ ಕಣ್ಣೆದುರಿನಲ್ಲೇ, ಸಮಂದರ್ ಸಿಂಗ್ ಎಂಬ ಯುವಕ ಅವರನ್ನು ಚೂರಿಯಿಂದ ಇರಿದು ಕೊಂದನು. ಅವರ ದೇಹದ ಮೇಲೆ ಐವತ್ತಕ್ಕೂ ಹೆಚ್ಚು ಗಾಯಗಳಿದ್ದವು. ತನ್ನನ್ನು ಬೇರೆಯವರು ಪ್ರಚೋದಿಸಿದರೆಂದು ಆತನೇ ಮುಂದೆ ಹೇಳಿಕೊಂಡನು. ನ್ಯಾಯಾಲಯ ಆತನಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಇಲ್ಲಿಯವರೆಗಿನದು ನ್ಯಾಯದ ಕಥೆ. 2002ರ ರಕ್ಷಾಬಂಧನದ ಸಮಯದಲ್ಲಿ ರಾಣಿ ಮರಿಯಾ ಅವರ ತಂಗಿ, ಅದೇ ಸಭೆಯ ಕನ್ಯಾಸ್ತ್ರೀಯಾದ ಸಿಸ್ಟರ್ ಸೆಲ್ಮಿ ಪೌಲ್, ಇಂದೋರಿನ ಸೆರೆಮನೆಗೆ ಹೋಗಿ ಅಕ್ಕನನ್ನು ಕೊಂದವನ ಕೈಗೆ ರಾಖಿ ಕಟ್ಟಿ ಅವನನ್ನು ಸೋದರನೆಂದು ಕರೆದರು. ಕುಟುಂಬದವರೇ ಆತನ ಬಿಡುಗಡೆಗಾಗಿ ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಹನ್ನೊಂದು ವರ್ಷಗಳ ಸೆರೆವಾಸದ ನಂತರ, 2006ರಲ್ಲಿ, ಆತ ಬಿಡುಗಡೆ ಹೊಂದಿದನು. ಮರುವರ್ಷ ಪುಲ್ಲುವಳಿಗೆ ಹೋಗಿ ಆ ವೃದ್ಧ ತಂದೆತಾಯಿಯರ ಕ್ಷಮೆ ಯಾಚಿಸಿದಾಗ, ತಾಯಿ ಎಲೀಶ್ವಾ ಅವರು ತಮ್ಮ ಮಗಳನ್ನು ಕೊಂದ ಆ ಕೈಗಳಿಗೆ ಮುತ್ತಿಟ್ಟರು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯೆಯೆಂದು ಘೋಷಿಸಿದ ಬಲಿಪೂಜೆಯಲ್ಲಿ ಸಮಂದರ್ ಸಿಂಗ್ ಕೂಡ ಉಪಸ್ಥಿತನಿದ್ದನು.

ಈ ವೃತ್ತಾಂತವನ್ನು ನಮ್ಮ ಪ್ರವಚನಗಳಲ್ಲಿ ಕ್ಷಮೆಯ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಆದರೆ ಅದರ ಕ್ರಮವನ್ನು ಗಮನಿಸಬೇಕು. ಪೊಲೀಸರು ಹಿಡಿದರು, ನ್ಯಾಯಾಧೀಶರು ವಿಚಾರಿಸಿದರು, ಅಪರಾಧ ಅಪರಾಧವೆಂದೇ ದಾಖಲಾಯಿತು, ಶಿಕ್ಷೆ ಜಾರಿಯಾಯಿತು. ರಾಖಿಯು ಈ ಯಾವುದನ್ನೂ ಅಳಿಸಲಿಲ್ಲ. ಅದನ್ನು ಕಟ್ಟಿಸಿಕೊಂಡವನು ಆಮೇಲೆಯೂ ನಾಲ್ಕು ವರ್ಷ ಸೆರೆಯಲ್ಲಿಯೇ ಇದ್ದನು. ಕೊನೆಗೆ ಬಂದ ಬಿಡುಗಡೆಯೂ ಕಾನೂನಿನ ಮಾರ್ಗದಿಂದಲೇ ಬಂದಿತು. ಕ್ಷಮೆಯು ನ್ಯಾಯಾಲಯದ ಸ್ಥಾನದಲ್ಲಿ ಬಂದು ಕೂರಲಿಲ್ಲ. ನ್ಯಾಯಾಲಯದಿಂದ ಎಂದೂ ಆಗಲಾರದ ಕೆಲಸವನ್ನು ಮಾಡಿತು.

ಇಂಥದೇ ಕ್ರಮವನ್ನು ಪೋಪ್ ಎರಡನೆಯ ಜಾನ್ ಪೌಲರ ಜೀವನದಲ್ಲಿಯೂ ಕಾಣುತ್ತೇವೆ. 1981ರ ಮೇ 13ರಂದು ತಮ್ಮ ಮೇಲೆ ಗುಂಡು ಹಾರಿಸಿದ ಮೆಹ್ಮೆತ್ ಅಲಿ ಅಗ್ಜಾನನ್ನು ಅವರು ನಾಲ್ಕು ದಿನಗಳಲ್ಲಿಯೇ, ಆಸ್ಪತ್ರೆಯ ಹಾಸಿಗೆಯಿಂದಲೇ ಕ್ಷಮಿಸಿದರು. 1983ರ ಡಿಸೆಂಬರಿನಲ್ಲಿ ರೋಮಿನ ಸೆರೆಮನೆಗೆ ಹೋಗಿ ಅವನ ಜೊತೆಯಲ್ಲಿ ಕುಳಿತು ಮಾತನಾಡಿದರು. ಆದರೆ ಇಟಲಿಯ ರಾಷ್ಟ್ರಾಧ್ಯಕ್ಷರು ಅವನಿಗೆ ಕ್ಷಮಾದಾನ ನೀಡಿದ್ದು 2000ದಲ್ಲಿ. ಕ್ಷಮೆಗೆ ನಾಲ್ಕು ದಿನ ಸಾಕಾಯಿತು. ಶಿಕ್ಷೆ ಹತ್ತೊಂಬತ್ತು ವರ್ಷ ನಡೆಯಿತು. ಇವುಗಳಲ್ಲಿ ಒಂದು ಇನ್ನೊಂದನ್ನು ಸುಳ್ಳು ಮಾಡಿತೆಂದು ಯಾರೂ ಹೇಳಲಿಲ್ಲ.

ಕರುಣೆ ಯಾರ ಗಂಟಿನಿಂದ?

ಪರಮ ನ್ಯಾಯವಂತನಾದ ದೇವರು ಶಿಕ್ಷೆಗೆ ಅರ್ಹರಾದವರನ್ನು ಹೇಗೆ ಉಳಿಸುತ್ತಾನೆ? ಈ ಪ್ರಶ್ನೆಯನ್ನು ಹನ್ನೊಂದನೆಯ ಶತಮಾನದಲ್ಲಿ ಸಂತ ಆನ್ಸೆಲ್ಮರು ಪ್ರಾರ್ಥನೆಯ ರೂಪದಲ್ಲಿಯೇ ದೇವರ ಮುಂದಿಟ್ಟು ತಡಕಾಡಿದರು. ಇನ್ನೂರು ವರ್ಷಗಳ ತರುವಾಯ ಸಂತ ತೋಮಸ್ ಅಕ್ವಿನಾಸರು ಇದಕ್ಕೆ ಒಂದು ಸರಳವಾದ ಉದಾಹರಣೆ ಕೊಟ್ಟರು. ನೂರು ನಾಣ್ಯ ಕೊಡಬೇಕಾದವನಿಗೆ ಒಬ್ಬನು ತನ್ನ ಸ್ವಂತ ಹಣದಿಂದ ಇನ್ನೂರು ಕೊಟ್ಟರೆ ಅವನು ಅನ್ಯಾಯ ಮಾಡಿದಂತಾಗುವುದಿಲ್ಲ, ಉದಾರಿಯಾದನು ಅಷ್ಟೆ. ತನಗಾದ ಅಪರಾಧವನ್ನು ಕ್ಷಮಿಸುವವನೂ ಹಾಗೆಯೇ. ಆದುದರಿಂದ ಕರುಣೆಯು ನ್ಯಾಯವನ್ನು ಕೆಡವುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂಬುದು ಅವರ ನಿರ್ಣಯ.

ಈ ಉದಾಹರಣೆಯಲ್ಲಿ ‘ತನ್ನ ಸ್ವಂತ ಹಣದಿಂದ’ ಎಂಬ ಮಾತಿನ ತೂಕ ದೊಡ್ಡದು. ನೆರೆಯವನ ಗಂಟಿನಿಂದ ತೆಗೆದು ದಾನ ಮಾಡುವವನು ಉದಾರಿಯಲ್ಲ, ಕಳ್ಳ. ಎಲೀಶ್ವಾ ಅವರು ಕ್ಷಮಿಸಬಲ್ಲವರಾಗಿದ್ದರು, ಏಕೆಂದರೆ ಮಗಳನ್ನು ಕಳೆದುಕೊಂಡವರು ಅವರು. ನಷ್ಟ ಅನುಭವಿಸದ ನಾವು ಅವರ ಪರವಾಗಿ ಕ್ಷಮಿಸಲಾರೆವು, ಕ್ಷಮಿಸಲೇಬೇಕೆಂದು ಒತ್ತಾಯ ಮಾಡಲೂ ಆರೆವು. ಸಮಾಜದ ಪರವಾಗಿ ಪೀಠದ ಮೇಲೆ ಕುಳಿತ ನ್ಯಾಯಾಧೀಶರು ಸಹ, ಕಾನೂನು ಕೊಟ್ಟ ಮೇರೆಯನ್ನು ಮೀರಿ, ಪರರ ನೋವನ್ನು ತಮ್ಮದೆಂಬಂತೆ ಬಿಟ್ಟುಕೊಡಲಾಗದು.

ನಮ್ಮ ಧರ್ಮಕೇಂದ್ರಗಳಲ್ಲಿ ಈ ವಿವೇಚನೆ ಬಹಳ ಸಲ ತಪ್ಪಿಹೋಗುತ್ತದೆ. ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದ ಹೆಣ್ಣುಮಗಳಿಗೆ ‘ಸಹಿಸಿಕೋ ಮಗಳೇ, ಯೇಸುಸ್ವಾಮಿ ಎಷ್ಟು ಸಹಿಸಲಿಲ್ಲ?’ ಎಂದು ಹಿರಿಯರು ಬುದ್ಧಿ ಹೇಳಿ ಹಿಂದಕ್ಕೆ ಕಳುಹಿಸುತ್ತಾರೆ. ಹೊಡೆದವನನ್ನು ಕರೆದು ಕೇಳುವವರಿಲ್ಲ. ಹೀಗೆ ಬಲಹೀನರ ಗಂಟಿನಿಂದ ಬಲಶಾಲಿಗಳಿಗೆ ಹಂಚುವ ಉದಾರತೆಗೆ ಕರುಣೆಯೆಂಬ ಹೆಸರು ಸಲ್ಲದು. ಆ ಹೆಣ್ಣುಮಗಳು ಒಂದು ದಿನ ಕ್ಷಮಿಸಬಹುದು. ಆದರೆ ಹೊಡೆತ ನಿಂತ ಮೇಲೆ, ಅವಳು ಸುರಕ್ಷಿತಳಾದ ಮೇಲೆ, ಅವಳಾಗಿಯೇ ಕೊಡಬೇಕಾದ ದಾನ ಅದು.

ಧರ್ಮಸಭೆಯೂ ಈ ಪಾಠವನ್ನು ತನ್ನ ಮನೆಯೊಳಗೇ ಕಲಿಯಬೇಕಾಯಿತು. ಗುರುಗಳಿಂದಲೇ ಮಕ್ಕಳ ಮೇಲೆ ನಡೆದ ದೌರ್ಜನ್ಯಗಳನ್ನು ಹಲವು ದೇಶಗಳಲ್ಲಿ ಕರುಣೆಯ ಹೆಸರಿನಲ್ಲಿ ಮುಚ್ಚಿಟ್ಟು, ತಪ್ಪಿತಸ್ಥರನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ವರ್ಗ ಮಾಡಿದ್ದರ ಫಲವನ್ನು ಲೋಕವೆಲ್ಲ ಕಂಡಿದೆ. ಪೋಪ್ ಫ್ರಾನ್ಸಿಸರು 2021ರ ಮೇ ತಿಂಗಳಲ್ಲಿ ಧರ್ಮಸಭೆಯ ಕಾನೂನಿನ ಶಿಕ್ಷಾಭಾಗವನ್ನು ಪರಿಷ್ಕರಿಸಿ ಹೊರಡಿಸಿದಾಗ ಈ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಪ್ರೀತಿಗೂ ಶಿಕ್ಷೆಗೂ ಇರುವ ಆಪ್ತ ಸಂಬಂಧವನ್ನು ಅರಿಯದೆ ಹೋದುದರಿಂದ ಬಹಳ ಹಾನಿಯಾಗಿದೆ ಎಂಬುದು ಅವರ ಮಾತಿನ ಸಾರ. ಕರುಣೆಯ ಜಗದ್ಗುರುವೆಂದೇ ಹೆಸರಾದವರು ಶಿಕ್ಷೆಯ ಕಾನೂನನ್ನು ಬಿಗಿಗೊಳಿಸಿದರೆಂಬುದು ನಮ್ಮ ವಿಚಾರಕ್ಕೆ ಯೋಗ್ಯವಾಗಿದೆ.

ಶಿಕ್ಷೆ ಯಾವುದಕ್ಕೆ?

ಹಾಗಾದರೆ ಶಿಕ್ಷೆಯೆಲ್ಲವೂ ಒಳ್ಳೆಯದೆ? ಇಲ್ಲಿಯೂ ಸಂತ ತೋಮಸರು ನಮಗೆ ನೆರವಾಗುತ್ತಾರೆ. ಶಿಕ್ಷಿಸುವವನ ಮನಸ್ಸು ಎಲ್ಲಿ ನೆಟ್ಟಿದೆ ಎಂಬುದನ್ನು ನೋಡಬೇಕೆನ್ನುತ್ತಾರೆ ಅವರು. ತಪ್ಪು ಮಾಡಿದವನಿಗೆ ಕೇಡಾಗಲಿ, ಅವನು ನರಳಲಿ ಎಂಬುದರಲ್ಲೇ ಮನಸ್ಸು ನಿಂತಿದ್ದರೆ ಅದು ಸೇಡು, ಅದಕ್ಕೆ ಅನುಮತಿಯಿಲ್ಲ. ಅವನು ತಿದ್ದಿಕೊಳ್ಳಲಿ, ಇನ್ನಷ್ಟು ಕೇಡು ನಿಲ್ಲಲಿ, ಜನರಿಗೆ ನೆಮ್ಮದಿಯಾಗಲಿ, ನ್ಯಾಯ ಉಳಿಯಲಿ ಎಂಬುದರಲ್ಲಿ ನಿಂತಿದ್ದರೆ ಶಿಕ್ಷೆ ಯುಕ್ತ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯಾಗಿ ಕಂಡಾವು. ಒಳಗೆ ಅವೆರಡಕ್ಕೂ ಇರುವ ಅಂತರ ಬಹು ದೊಡ್ಡದು.

ಈ ಅಂತರವನ್ನು ಸಂತ ಅಗುಸ್ತೀನರ ಒಂದು ಪತ್ರ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಐದನೆಯ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕದಲ್ಲಿ ಧರ್ಮಸಭೆಯಿಂದ ಒಡೆದು ಹೋದ ಒಂದು ಪಂಗಡದ ಉಗ್ರರು ಅಗುಸ್ತೀನರ ಕಡೆಯ ಒಬ್ಬ ಗುರುವನ್ನು ಕೊಂದು, ಇನ್ನೊಬ್ಬರ ಕಣ್ಣು ಕಿತ್ತು ಬೆರಳು ಕತ್ತರಿಸಿದರು. ತಪ್ಪಿತಸ್ಥರು ಸಿಕ್ಕಿಬಿದ್ದು ತಪ್ಪೊಪ್ಪಿಕೊಂಡರು. ಆಗ ಅಗುಸ್ತೀನರು ವಿಚಾರಣಾಧಿಕಾರಿ ಮಾರ್ಸೆಲ್ಲಿನನಿಗೆ ಪತ್ರ ಬರೆದು, ಅವರನ್ನು ಕೊಲ್ಲಬಾರದು, ಅವರು ಮಾಡಿದಂತೆಯೇ ಅವರ ಅಂಗಗಳನ್ನೂ ಕತ್ತರಿಸಬಾರದು ಎಂದು ಬೇಡಿಕೊಂಡರು. ಬಿಟ್ಟುಬಿಡಿರೆಂದೂ ಅವರು ಹೇಳಲಿಲ್ಲ. ಆ ಕೈಗಳು ಇಡಿಯಾಗಿಯೇ ಇದ್ದು ಜನರಿಗೆ ಉಪಯೋಗವಾಗುವ ಕೆಲಸಕ್ಕೆ ಹತ್ತಲಿ ಎಂಬುದು ಅವರ ಸೂಚನೆಯಾಗಿತ್ತು. ಅದೂ ಶಿಕ್ಷೆಯೇ, ಆದರೆ ಅದನ್ನು ಉಪಕಾರವೆಂದು ಕರೆಯುವುದೇ ಮೇಲು ಎಂದರು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯು ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯನ್ನು ಒಂದು ಶಿಕ್ಷೆಯಾಗಿ ಸೇರಿಸಿದೆ. ಸಾವಿರದ ಆರುನೂರು ವರ್ಷಗಳ ಹಿಂದೆ ಕೊಲೆಗಾರರ ವಿಷಯದಲ್ಲಿ ಆಫ್ರಿಕದ ಬಿಷಪರೊಬ್ಬರು ಯೋಚಿಸಿದ್ದೂ ಈ ದಿಕ್ಕಿನಲ್ಲಿಯೇ.

ಮರಣದಂಡನೆಯ ವಿಷಯದಲ್ಲಿ ಧರ್ಮಸಭೆಯ ಇತಿಹಾಸವನ್ನು ಮುಚ್ಚಿಡುವುದು ಸಲ್ಲದು. ಸಂತ ತೋಮಸರೇ ಅದನ್ನು ಒಪ್ಪಿದ್ದರು. ಪೋಪರ ಆಳ್ವಿಕೆಯಲ್ಲಿದ್ದ ರೋಮಿನಲ್ಲಿ 1796ರಿಂದ 1864ರವರೆಗೆ ಬುಗಾತ್ತಿ ಎಂಬ ಒಬ್ಬನೇ ಅಧಿಕೃತ ವಧಕಾರನು ಐನೂರಕ್ಕೂ ಹೆಚ್ಚು ಜನರ ಮರಣದಂಡನೆಯನ್ನು ಜಾರಿ ಮಾಡಿದನು. ವ್ಯಾಟಿಕನ್ ತನ್ನ ಕಾನೂನಿನಿಂದ ಮರಣದಂಡನೆಯನ್ನು ತೆಗೆದುಹಾಕಿದ್ದು 1969ರಲ್ಲಿ. 1995ರ ತಮ್ಮ ವಿಶ್ವಪತ್ರದಲ್ಲಿ ಪೋಪ್ ಎರಡನೆಯ ಜಾನ್ ಪೌಲರು, ಸಮಾಜವನ್ನು ಬೇರೆ ವಿಧದಿಂದ ರಕ್ಷಿಸಲು ಆಗದಂಥ ಸಂದರ್ಭಗಳು ಇಂದು ಇಲ್ಲವೆನ್ನುವಷ್ಟು ವಿರಳವೆಂದು ಬೋಧಿಸಿದರು. 2018ರ ಆಗಸ್ಟಿನಲ್ಲಿ ಪೋಪ್ ಫ್ರಾನ್ಸಿಸರು ಧರ್ಮೋಪದೇಶ ಗ್ರಂಥದ ಆ ಭಾಗವನ್ನೇ ತಿದ್ದಿಸಿ, ಮರಣದಂಡನೆ ಒಪ್ಪತಕ್ಕದ್ದಲ್ಲವೆಂದು ಸ್ಪಷ್ಟಪಡಿಸಿದರು. ನಮ್ಮ ದೇಶದ ಕಾನೂನಿನಲ್ಲಿ ಅದು ಇಂದಿಗೂ ಇದೆ. ಅಪರೂಪದಲ್ಲಿ ಅಪರೂಪವಾದ ಪ್ರಕರಣಗಳಿಗೆ ಮಾತ್ರ ಅದು ಮೀಸಲೆಂದು ಸರ್ವೋಚ್ಚ ನ್ಯಾಯಾಲಯ 1980ರಲ್ಲಿ ಮಿತಿ ಹಾಕಿತು.

ಧರ್ಮಸಭೆಯ ಈ ನಿಲುವು ಅಪರಾಧವನ್ನು ಹಗುರ ಮಾಡುವಂಥದಲ್ಲ. ಎಷ್ಟು ಘೋರವಾದ ಪಾಪ ಮಾಡಿದರೂ ಮನುಷ್ಯನ ಘನತೆ ಅಳಿಯದೆಂಬುದು ಅದರ ಒಂದು ಬುಡ. ಪಶ್ಚಾತ್ತಾಪಕ್ಕೆ ಬೇಕಾದ ಕಾಲವನ್ನು ಅವನಿಂದ ಕಿತ್ತುಕೊಳ್ಳಬಾರದೆಂಬುದು ಇನ್ನೊಂದು. ತಮ್ಮನನ್ನು ಕೊಂದ ಕಾಯಿನನನ್ನು ದೇವರು ಶಿಕ್ಷಿಸದೆ ಬಿಡಲಿಲ್ಲ, ನೆಲೆಯಿಲ್ಲದವನಾಗಿ ಅಲೆಯುವಂತೆ ಮಾಡಿದರು. ಆದರೆ ಅವನನ್ನು ಯಾರೂ ಕೊಲ್ಲಬಾರದೆಂದು ಅವನ ಮೇಲೆ ಗುರುತನ್ನೂ ಇಟ್ಟರು. ಸಮಂದರ್ ಸಿಂಗನಿಗೆ ನೇಣಾಗಿದ್ದರೆ 2002ರಲ್ಲಿ ರಾಖಿ ಕಟ್ಟಿಸಿಕೊಳ್ಳಲು ಕೈ ಇರುತ್ತಿರಲಿಲ್ಲ.

ಪಾಪನಿವೇದನೆಯ ಪೀಠದಲ್ಲಿ

ನ್ಯಾಯ ಮತ್ತು ಕರುಣೆ ಸೇರುವ ಬಗೆಯನ್ನು ಅರಿಯಲು ಕ್ರೈಸ್ತನು ದೂರ ಹೋಗಬೇಕಾಗಿಲ್ಲ. ಪಾಪನಿವೇದನೆಯ ಪೀಠದಲ್ಲಿ ನಾವು ತಪ್ಪನ್ನು ತಪ್ಪೆಂದೇ ಹೇಳಿಕೊಳ್ಳುತ್ತೇವೆ, ನೆವ ಹೇಳುವುದಿಲ್ಲ. ಗುರುಗಳು ದೇವರ ಹೆಸರಿನಲ್ಲಿ ಕ್ಷಮಾಪಣೆ ಕೊಡುತ್ತಾರೆ, ಜೊತೆಗೆ ಪ್ರಾಯಶ್ಚಿತ್ತವನ್ನೂ ವಿಧಿಸುತ್ತಾರೆ. ಕ್ಷಮೆ ದೊರೆತ ಮೇಲೆ ಪ್ರಾಯಶ್ಚಿತ್ತ ಏಕೆಂದು ಮಕ್ಕಳು ಧರ್ಮೋಪದೇಶದ ತರಗತಿಯಲ್ಲಿ ಕೇಳುವುದುಂಟು. ಪ್ರಶ್ನೆ ಒಳ್ಳೆಯದು. ಕಲ್ಲೆಸೆದು ನೆರೆಮನೆಯ ಹೆಂಚು ಒಡೆದ ಹುಡುಗನನ್ನು ಆ ಮನೆಯವರು ಕ್ಷಮಿಸಿದರೂ ಹೆಂಚು ಒಡೆದೇ ಇರುತ್ತದೆ. ಮಳೆ ಬರುವ ಮೊದಲು ಯಾರಾದರೂ ಅದನ್ನು ಬದಲಿಸಬೇಕು.

ಜಕ್ಕಾಯನು ಇದನ್ನು ಬಲ್ಲವನಾಗಿದ್ದನು. ಯೇಸುಸ್ವಾಮಿ ಅವನ ಮನೆಗೆ ಕರೆಯದೆಯೇ ಬಂದರು. ಅದು ಶುದ್ಧ ಕೃಪೆ. ಆ ಕೃಪೆಯನ್ನು ಪಡೆದವನು ಮೋಸದಿಂದ ಗಳಿಸಿದ್ದನ್ನು ನಾಲ್ಕರಷ್ಟು ಹಿಂದಿರುಗಿಸಲು ಎದ್ದು ನಿಂತನು. ಅವನನ್ನು ದಂಡಿಸಿ ವಸೂಲು ಮಾಡಿದ್ದರೆ ಇಷ್ಟು ಬರುತ್ತಿತ್ತೆ? ಕರುಣೆಯು ಶಿಕ್ಷೆಗಿಂತ ಹೆಚ್ಚಿನದನ್ನೇ ಮನುಷ್ಯನಿಂದ ಪಡೆಯುತ್ತದೆ. ಸಂತ ಅಗುಸ್ತೀನರು ಮಕೆದೋನಿಯನೆಂಬ ಅಧಿಕಾರಿಗೆ ಬರೆದ ಪತ್ರದಲ್ಲಿ ಇದನ್ನೇ ಇನ್ನೊಂದು ಬದಿಯಿಂದ ಹೇಳಿದ್ದಾರೆ. ಕದ್ದ ವಸ್ತುವನ್ನು ಹಿಂದಿರುಗಿಸಲು ಸಾಧ್ಯವಿದ್ದೂ ಹಿಂದಿರುಗಿಸದವನ ಪಶ್ಚಾತ್ತಾಪ ಬರಿಯ ನಟನೆ ಎನ್ನುತ್ತಾರೆ ಅವರು. ಗಡಿಕಲ್ಲು ಸರಿಸಿದವನು, ಆಳಿನ ಕೂಲಿ ಹಿಡಿದಿಟ್ಟುಕೊಂಡವನು, ತಂಗಿಯ ಪಾಲಿನ ಆಸ್ತಿಗೆ ಮೋಸದಿಂದ ರುಜು ಹಾಕಿಸಿಕೊಂಡವನು, ನೆರೆಯವರ ಮಾನ ಕಳೆಯುವ ಸುಳ್ಳು ಹಬ್ಬಿಸಿದವನು, ಇವರೆಲ್ಲ ಪಾಪನಿವೇದನೆಗೆ ಬರುವ ದಾರಿಯಲ್ಲಿ ಇನ್ನೊಂದು ಬಾಗಿಲನ್ನೂ ತಟ್ಟಿ ಬರಬೇಕಾದವರು.

ಮನೆಯೊಳಗೆ, ಸೆರೆಮನೆಯೊಳಗೆ

ಈ ವಿಚಾರ ನ್ಯಾಯಾಲಯಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಪ್ರತಿ ಮನೆಯಲ್ಲಿಯೂ ದಿನವೂ ಶಿಕ್ಷೆ, ಕ್ಷಮೆಗಳು ನಡೆಯುತ್ತಿವೆ. ಕೋಪದ ಕೈಯಲ್ಲಿ ಬೆತ್ತ ಹಿಡಿದ ತಂದೆ ಮಗನನ್ನು ತಿದ್ದುವುದಿಲ್ಲ, ತನ್ನ ಕೋಪವನ್ನು ತಣಿಸಿಕೊಳ್ಳುತ್ತಾನೆ. ಮಗ ಕದ್ದದ್ದನ್ನು ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವ ತಾಯಿಯೂ ಅವನಿಗೆ ಕರುಣೆ ತೋರಿದಂತಾಗುವುದಿಲ್ಲ, ಅವನನ್ನು ಕೈಬಿಟ್ಟಂತಾಗುತ್ತದೆ. ಮಗನ ಜೊತೆಯಲ್ಲಿ ಅಂಗಡಿಗೆ ನಡೆದು, ಅವನ ಕೈಯಿಂದಲೇ ವಸ್ತುವನ್ನು ಹಿಂದಕ್ಕೆ ಕೊಡಿಸಿ, ದಾರಿಯುದ್ದಕ್ಕೂ ಅವನ ಕೈ ಹಿಡಿದುಕೊಂಡೇ ಮನೆಗೆ ಬರುವ ತಂದೆತಾಯಿ ಎರಡನ್ನೂ ಒಟ್ಟಿಗೆ ಮಾಡಿರುತ್ತಾರೆ. ಭಾಗವಾದ ಮನೆಗಳಲ್ಲಿ ಹತ್ತಾರು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರು ತಮ್ಮ ಮೌನವನ್ನು ನ್ಯಾಯವೆಂದು ತಿಳಿದಿದ್ದರೆ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಈ ಮೌನದಿಂದ ಯಾರು ತಿದ್ದಿಕೊಂಡರು? ಯಾರ ನಷ್ಟ ತುಂಬಿತು?

ಇನ್ನು ನಮ್ಮ ನಡುವೆ ಸೆರೆಮನೆಯಲ್ಲಿರುವವರ ಕುಟುಂಬಗಳೂ ಇವೆ. ಅವರ ಮನೆಗೆ ಹೋಗಿಬರುವವರು ಕಡಿಮೆಯಾಗುತ್ತಾರೆ, ದೇವಾಲಯದಲ್ಲಿ ಅವರ ಪಕ್ಕದ ಸ್ಥಳ ಖಾಲಿ ಉಳಿಯುತ್ತದೆ. 2022ರ ಸರ್ಕಾರಿ ಅಂಕಿಅಂಶಗಳ ಪ್ರಕಾರ ಭಾರತದ ಸೆರೆಮನೆಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳು. ಎಂದರೆ, ಅವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಜಾಮೀನಿಗೆ ಹಣವಿಲ್ಲದೆಯೋ ವಕೀಲರಿಲ್ಲದೆಯೋ ಒಳಗೇ ಉಳಿದುಹೋದ ಬಡವರ ಪಾಲಿಗೆ ನ್ಯಾಯವೂ ಇಲ್ಲ, ಕರುಣೆಯೂ ಇಲ್ಲ. 1981ರಲ್ಲಿ ಕೇರಳದಲ್ಲಿ ಆರಂಭವಾದ ಪ್ರಿಜನ್ ಮಿನಿಸ್ಟ್ರಿ ಇಂಡಿಯಾ ಸಂಸ್ಥೆಯ ಸ್ವಯಂಸೇವಕರು ಇಂಥವರನ್ನು ಭೇಟಿ ಮಾಡುವ ಸೇವೆಯಲ್ಲಿದ್ದಾರೆ. ಅಂತಿಮ ತೀರ್ಪಿನ ದಿನ ತಾವು ಸೆರೆಯಲ್ಲಿದ್ದಾಗ ನೋಡಲು ಬಂದವರು ಯಾರೆಂದು ಪ್ರಭು ವಿಚಾರಿಸುವರೆಂದು ಸಂತ ಮತ್ತಾಯರ ಶುಭಸಂದೇಶ ಎಚ್ಚರಿಸುತ್ತದೆ. ಆ ಸೆರೆಯಾಳು ನಿರಪರಾಧಿಯಾಗಿದ್ದನೆ ಎಂಬ ಪ್ರಶ್ನೆಯನ್ನು ಅವರು ಅಲ್ಲಿ ಎತ್ತುವುದಿಲ್ಲ.

ಕಲ್ವಾರಿಯ ಬೆಟ್ಟದ ಮೇಲೆ ಯೇಸುಸ್ವಾಮಿಯ ಪಕ್ಕದಲ್ಲಿ ಶಿಲುಬೆಗೇರಿದ್ದ ಕಳ್ಳನನ್ನು ಕೊನೆಯದಾಗಿ ನೆನೆಯೋಣ. ತನಗಾದ ಶಿಕ್ಷೆ ನ್ಯಾಯವಾದುದೇ ಎಂದು ಅವನು ಬಾಯಿಬಿಟ್ಟು ಹೇಳಿದನು. ಶಿಲುಬೆಯಿಂದ ಇಳಿಸೆಂದು ಅವನು ಕೇಳಲಿಲ್ಲ, ತನ್ನನ್ನು ನೆನೆಸಿಕೊಳ್ಳಬೇಕೆಂದಷ್ಟೇ ಕೇಳಿದನು. ಪ್ರಭು ಅಂದೇ ಅವನಿಗೆ ಪರಂಧಾಮದ ವಾಗ್ದಾನ ಮಾಡಿದರು. ಆ ಮೇಲೂ ಸಂಜೆಯವರೆಗೆ ಅವನು ಶಿಲುಬೆಯ ಮೇಲೆಯೇ ಇದ್ದನು, ಆದರೆ ಒಬ್ಬಂಟಿಗನಾಗಿ ಅಲ್ಲ. ಮುಂದಿನ ಸಲ ನಮ್ಮ ಊಟದ ಹೊತ್ತಿನಲ್ಲಿ ಯಾವನೋ ಅಪರಾಧಿಯ ಮಾತು ಬಂದಾಗ, ಆತನಿಂದ ನೊಂದವರಿಗಾಗಿ ಮೊದಲು ಒಂದು ಜಪ ಹೇಳೋಣ. ಅನಂತರ ಆತನಿಗಾಗಿಯೂ ಒಂದು ಜಪ ಹೇಳೋಣ. ನಾವು ಯಾರಿಗಾದರೂ ಹಿಂದಿರುಗಿಸಬೇಕಾದದ್ದು ಉಳಿದಿದ್ದರೆ, ಮುಂದಿನ ಭಾನುವಾರದ ಬಲಿಪೂಜೆಯೊಳಗೆ ಆ ಮನೆಯ ಕಡೆಗೆ ಹೆಜ್ಜೆ ಹಾಕೋಣ.